ಲಕ್ಷ ಕಿಲೋಮೀಟರ್ ದಾಟಿದ ಸ್ಪೋರ್ಟ್ಸ್ ಕಾರು: ಮಲೆನಾಡಿಗೆ ತರುವ ಮುಂಚೆ

ಹೊಸದಾಗಿದ್ದಾಗ ಮೂವತ್ತು ಲಕ್ಷದ ಆಸುಪಾಸಿನಲ್ಲಿದ್ದ ಗಾಡಿ, ಮೀಟರ್ ಲಕ್ಷ ದಾಟಿದ ಮೇಲೆ ಒಂದು ಸಾಧಾರಣ ಹೊಸ ಕಾರಿನ ಬೆಲೆಗೆ ಸಿಗುತ್ತದೆ. ಅಡಿಕೆ ದುಡ್ಡು ಕೈಗೆ ಬಂದ ತಿಂಗಳಲ್ಲಿ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯವರು ಬೆಂಗಳೂರಿನ ಜಾಹೀರಾತು ತಿರುವಿ ಹಾಕುವುದು ಇದಕ್ಕೇ. ಆದರೆ ಇಳಿದದ್ದು ಗಾಡಿಯ ಬೆಲೆ ಮಾತ್ರ. ಎಂಟು ಲಕ್ಷಕ್ಕೆ ಕೊಂಡರೂ ಅದರ ಗೇರ್‌ಬಾಕ್ಸು ಮೂವತ್ತು ಲಕ್ಷದ ಗಾಡಿಯ ಗೇರ್‌ಬಾಕ್ಸೇ, ಬ್ರೇಕ್ ಡಿಸ್ಕಿನ ಬೆಲೆಯೂ ಅದರದ್ದೇ.

ಕೊಳ್ಳಬಹುದೇ ಎಂದರೆ, ಕೊಳ್ಳಬಹುದು. ಬಿಲ್ಲುಗಳಿರುವ 1,30,000 ಕಿ.ಮೀ. ಗಾಡಿ, ಬಿಲ್ಲಿಲ್ಲದ 45,000 ಕಿ.ಮೀ. ಗಾಡಿಗಿಂತ ಎಷ್ಟೋ ಪಾಲು ವಾಸಿ. ಎಂಜಿನ್ ಸವೆಯುವುದು ದೂರದಿಂದ ಮಾತ್ರವಲ್ಲ, ಅದು ತಿರುಗಿದ ಗಂಟೆಗಳಿಂದಲೂ. ಹೆದ್ದಾರಿಯಲ್ಲಿ ಸರಾಸರಿ 50 ಕಿ.ಮೀ. ವೇಗದಲ್ಲಿ 1,20,000 ಕಿ.ಮೀ. ಓಡಿದ ಎಂಜಿನ್ 2,400 ಗಂಟೆ ತಿರುಗಿರುತ್ತದೆ. ಸಿಲ್ಕ್ ಬೋರ್ಡಿನ ಜಾಮಿನಲ್ಲಿ ಸರಾಸರಿ 20ರಲ್ಲಿ ತೆವಳಿದ 60,000 ಕಿ.ಮೀ. ಗಾಡಿಯ ಎಂಜಿನ್ 3,000 ಗಂಟೆ. ಕ್ಲಚ್, ಗೇರ್‌ಬಾಕ್ಸ್, ರೇಡಿಯೇಟರ್ ಫ್ಯಾನ್ ವಿಷಯದಲ್ಲಿ ಈ ಅಂತರ ಇನ್ನೂ ದೊಡ್ಡದು. ಆದ್ದರಿಂದ ಮೀಟರ್ ನೋಡಿ ಹೆದರುವುದಾಗಲಿ ಮರುಳಾಗುವುದಾಗಲಿ ಬೇಡ. ಕೆಳಗಿನ ಕ್ರಮದಲ್ಲಿ ಒಂದೊಂದಾಗಿ ನೋಡುತ್ತಾ ಹೋಗಿ. ಮೊದಲ ಎರಡು ಹಂತ ಮನೆಯಲ್ಲೇ ಕುಳಿತು ಮುಗಿಸುವಂಥವು.

1. ಮೊದಲು ಮೆಕ್ಯಾನಿಕ್, ಆಮೇಲೆ ಮಾಡೆಲ್

ಶಿವಮೊಗ್ಗದ ಸಾಗರ ರಸ್ತೆಯ ಆಟೊ ಕಾಂಪ್ಲೆಕ್ಸಿನಲ್ಲಿ ಟಿಂಕರಿಂಗ್, ಪೇಂಟಿಂಗ್, ಸಸ್ಪೆನ್ಷನ್ ಕೆಲಸಕ್ಕೆ ಕೈ ಪಳಗಿದವರು ಸಿಗುತ್ತಾರೆ. ಆದರೆ ಡಿಎಸ್‌ಜಿ (ಎರಡು ಕ್ಲಚ್ಚಿನ ಆಟೊಮ್ಯಾಟಿಕ್) ಗೇರ್‌ಬಾಕ್ಸ್ ಬಿಚ್ಚಲು, ಆ ಕಂಪನಿಯ ಗಾಡಿಗೇ ಬೇಕಾದ ಸ್ಕ್ಯಾನರ್ ಹಾಕಿ ಹೊಂದಾಣಿಕೆ ಮಾಡಲು ಎಲ್ಲ ಕಡೆ ಆಗುವುದಿಲ್ಲ. ಗಾಡಿ ಇಷ್ಟವಾಗುವ ಮುಂಚೆಯೇ ಮೆಕ್ಯಾನಿಕ್ ಬಳಿ ಹೋಗಿ ಮಾಡೆಲ್ ಹೆಸರು ಹೇಳಿ, ಇದರ ಟೈಮಿಂಗ್ ಚೈನ್ (ಪಿಸ್ಟನ್, ವಾಲ್ವ್‌ಗಳ ಚಲನೆಯನ್ನು ಹೊಂದಿಸುವ ಸರಪಳಿ) ಎಂದಾದರೂ ಬದಲಿಸಿದ್ದೀರಾ ಎಂದು ಕೇಳಿ. 'ನೋಡೋಣ ತನ್ನಿ' ಎಂಬ ಉತ್ತರ ಬಂದರೆ, ದೊಡ್ಡ ಕೆಲಸಕ್ಕೆಲ್ಲ ಸುಮಾರು 300 ಕಿ.ಮೀ. ದೂರದ ಬೆಂಗಳೂರಿಗೋ, ಘಟ್ಟ ಇಳಿದು ಮಂಗಳೂರಿಗೋ ಹೋಗಬೇಕು ಎಂದೇ ಲೆಕ್ಕ. ಆಟೊಮ್ಯಾಟಿಕ್ ಗಾಡಿ ಕೆಟ್ಟು ನಿಂತರೆ ಹಗ್ಗ ಕಟ್ಟಿ ಎಳೆಯುವ ಹಾಗಿಲ್ಲ, ಫ್ಲ್ಯಾಟ್‌ಬೆಡ್ ಲಾರಿಯೇ ಬೇಕು. ಆಗುಂಬೆ ಘಾಟಿಯಲ್ಲಿ ಭಾರಿ ವಾಹನಗಳಿಗೆ ನಿರ್ಬಂಧ ಇರುವುದರಿಂದ ಆ ಲಾರಿ ಸುತ್ತು ಹಾಕಿ ಬರಬೇಕಾಗಬಹುದು. ಆ ಬಾಡಿಗೆಯೂ ನಿಮ್ಮದೇ.

ಮಾಡೆಲ್‌ಗಳ ವಿಷಯದಲ್ಲಿ ನಮ್ಮ ಅಭಿಪ್ರಾಯ ನೇರ. ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ, ಸ್ಕೋಡಾ ಲಾರಾ, ಆಕ್ಟೇವಿಯಾ ಮಲೆನಾಡಿನಲ್ಲಿ ಸಾಕಬಹುದಾದ ಗಾಡಿಗಳು. ಪೋಲೊ ತಯಾರಿಕೆ ಭಾರತದಲ್ಲಿ 2022ರಲ್ಲಿ ನಿಂತಿದ್ದರೂ ರಸ್ತೆಯಲ್ಲಿ ಸಂಖ್ಯೆ ದೊಡ್ಡದಿರುವುದರಿಂದ ಬಿಡಿಭಾಗಕ್ಕೆ ಸದ್ಯಕ್ಕೆ ಬರವಿಲ್ಲ. 2020ರ ಆಕ್ಟೇವಿಯಾ ಆರ್‌ಎಸ್ 245 ಬಂದದ್ದು ಬರೀ 200 ಗಾಡಿ. ಎಂಜಿನ್ ಭಾಗಗಳು ಸಿಕ್ಕರೂ ಅದರದೇ ಬಂಪರ್, ಬ್ರೇಕಿಗೆ ವಾರಗಟ್ಟಲೆ ಕಾಯಬೇಕು. ಅಬಾರ್ಥ್ ಪುಂಟೊ 145 ಅಶ್ವಶಕ್ತಿಯ ಮಜವಾದ ಗಾಡಿ, ಆದರೆ ಫಿಯೆಟ್ ಇಲ್ಲಿ ಕಾರು ಮಾರುವುದನ್ನು ನಿಲ್ಲಿಸಿ ವರ್ಷಗಳಾದವು. ಮೊದಲ ಸಲ ಕೊಳ್ಳುವವರಿಗೆ ಅದು ಬೇಡ. 2005ರಿಂದ 2008ರ ಪೋರ್ಶೆ ಬಾಕ್ಸ್‌ಸ್ಟರ್, ಕೇಮನ್ ಕಡಿಮೆಗೆ ಸಿಕ್ಕಿತೆಂದು ಹಿಗ್ಗಬೇಡಿ. ಆ ಎಂಜಿನ್ನಿನೊಳಗಿನ ನಡು ದಂಡವನ್ನು ಹಿಡಿದಿರುವ ಐಎಂಎಸ್ ಬೇರಿಂಗ್ ಒಡೆದರೆ ಇಡೀ ಎಂಜಿನ್ ಹೋಗುತ್ತದೆ, ಸಿಲಿಂಡರ್ ಗೋಡೆ ಗೀರುಬೀಳುವ ತೊಂದರೆ ಬೇರೆ. 2009ರ ನಂತರದ ಎಂಜಿನ್ನಿನಲ್ಲಿ ಆ ಬೇರಿಂಗೇ ಇಲ್ಲ.

2. ಬೆಂಗಳೂರಿಗೆ ಹೊರಡುವ ಮುಂಚೆ ಕಾಗದ

ಗಾಡಿ ನಂಬರ್ ಮತ್ತು ಚಾಸಿಸ್ ನಂಬರ್ ಫೋನಿನಲ್ಲೇ ತರಿಸಿಕೊಳ್ಳಿ. ಎಂಪರಿವಾಹನ್ ಆಪ್‌ನಲ್ಲಿ ಆರ್‌ಸಿ ಅವಧಿ, ಎಷ್ಟನೇ ಮಾಲೀಕರು, ಸಾಲದ ಹೈಪಾಥಿಕೇಷನ್ (ಗಾಡಿಯ ಮೇಲೆ ಬ್ಯಾಂಕಿನ ಹಕ್ಕು), ಇನ್ಶೂರೆನ್ಸ್ ಎಲ್ಲಿಯವರೆಗೆ ಎಂಬುದು ಕಾಣುತ್ತದೆ. ಸಾಲ ತೀರಿದ್ದರೂ ಹೈಪಾಥಿಕೇಷನ್ ತೆಗೆಸದೇ ಬಿಟ್ಟವರು ಬಹಳ. ಬ್ಯಾಂಕಿನ ಎನ್‌ಒಸಿ ಮತ್ತು ನಮೂನೆ 35 ಕೈಗೆ ಬರುವವರೆಗೆ ಅಡ್ವಾನ್ಸ್ ಬೇಡ. ಹೆಸರು ಬದಲಾವಣೆಗೆ ನಮೂನೆ 29 ಮತ್ತು 30.

ದೆಹಲಿ ಗಾಡಿಯ ಬಗ್ಗೆ ಎರಡು ಮಾತು. ಅಲ್ಲಿ ಪೆಟ್ರೋಲ್ ಗಾಡಿಗೆ 15, ಡೀಸೆಲ್‌ಗೆ 10 ವರ್ಷದ ಮಿತಿಯ ಮಾತು ಇರುವುದರಿಂದ ಹಳೆಯ ಐಷಾರಾಮಿ ಗಾಡಿಗಳು ಅಗ್ಗ. ಆದರೆ ಹೊರರಾಜ್ಯದ ಗಾಡಿಗೆ ನಮೂನೆ 28ರ ಎನ್‌ಒಸಿ ತಂದು, ಇಲ್ಲಿ ಲೈಫ್ ಟ್ಯಾಕ್ಸ್ ಕಟ್ಟಿ, ಕೆಎ 14 ಅಥವಾ ಕೆಎ 15ರ ನಂಬರ್ ಮಾಡಿಸಬೇಕು. ಆ ಟ್ಯಾಕ್ಸ್ ನೀವು ಕೊಟ್ಟ ಬೆಲೆಯ ಮೇಲೆ ಅಲ್ಲ, ಗಾಡಿ ಹೊಸದಿದ್ದಾಗಿನ ಬೆಲೆ ಮತ್ತು ಅದರ ವಯಸ್ಸಿನ ಮೇಲೆ. ಆರ್‌ಟಿಒ ಕಚೇರಿಯಲ್ಲಿ ಮೊತ್ತ ಕೇಳಿ, ಅದನ್ನು ಗಾಡಿಯ ಬೆಲೆಗೆ ಕೂಡಿಸಿ ನೋಡಿದರೆ 'ಅಗ್ಗ' ಬಹುತೇಕ ಅಲ್ಲೇ ಕರಗುತ್ತದೆ. 15 ವರ್ಷ ತುಂಬುತ್ತಿರುವ ಗಾಡಿಯಾದರೆ ಆರ್‌ಸಿ ನವೀಕರಣಕ್ಕೆ ಫಿಟ್‌ನೆಸ್ ಪರೀಕ್ಷೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ಅದೇ. ಸೈಲೆನ್ಸರ್ ಕೊಯ್ದು ಹಾಕಿದ ಗಾಡಿ ಅಲ್ಲಿ ಪಾಸಾಗದು; ಮೂಲ ಸೈಲೆನ್ಸರ್ ಮಾರುವವರ ಬಳಿ ಇದ್ದರೆ ಅದನ್ನೂ ಬರೆಸಿಕೊಂಡು ತನ್ನಿ.

ಚಾಸಿಸ್ ನಂಬರ್ ಕೊಟ್ಟು ಕಂಪನಿ ಸರ್ವಿಸ್ ಸೆಂಟರಿನಿಂದ ಸರ್ವಿಸ್ ಹಿಸ್ಟರಿ ಮಾಲೀಕರೇ ತೆಗೆಸಿ ಕೊಡಲಿ. ಅದರಲ್ಲಿ ದಿನಾಂಕ ಮತ್ತು ಕಿಲೋಮೀಟರ್ ಜೊತೆಜೊತೆಗೆ ಏರುತ್ತಾ ಹೋಗಬೇಕು. 2019ರಲ್ಲಿ 88,000 ಇದ್ದದ್ದು 2023ರಲ್ಲಿ 61,000 ಎಂದಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಹಿಸ್ಟರಿ ಒಂದು ವರ್ಷದಿಂದ ಖಾಲಿ ಇದ್ದರೆ ಹೊರಗಿನ ಗ್ಯಾರೇಜಿನ ಬಿಲ್ಲು ಕೇಳಿ. ಬಿಲ್ಲಿನಲ್ಲಿ 'ಜನರಲ್ ಸರ್ವಿಸ್' ಎಂದಷ್ಟೇ ಇದ್ದರೆ ಪ್ರಯೋಜನವಿಲ್ಲ, ಎಣ್ಣೆಯ ಗ್ರೇಡು, ಲೀಟರು, ಭಾಗದ ನಂಬರು ಇರಬೇಕು.

3. ಮೀಟರ್ ಹೇಳುವುದು ನಿಜವೇ

ಸ್ಟಿಯರಿಂಗ್ ಚರ್ಮ ನುಣುಪಾಗಿ ಮಿರುಗುತ್ತಿದ್ದರೆ, ಡ್ರೈವರ್ ಸೀಟಿನ ಬಾಗಿಲು ಕಡೆಯ ಉಬ್ಬು ಕುಸಿದಿದ್ದರೆ, ಬ್ರೇಕ್ ಪೆಡಲಿನ ರಬ್ಬರ್ ಒಂದು ಮೂಲೆ ಸವೆದಿದ್ದರೆ ಆ ಗಾಡಿ 40,000 ಓಡಿದ್ದಲ್ಲ. ಪೆಡಲ್ ರಬ್ಬರ್ ಹೊಚ್ಚ ಹೊಸದಾಗಿದ್ದರೆ ಇನ್ನೂ ಅನುಮಾನ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದರೆ 2019ರ 23ನೇ ವಾರ. ಐದಾರು ವರ್ಷ ಮೀರಿದ ಟೈರು ಎಷ್ಟೇ ಗುಂಡಿ (ಮೇಲಿನ ಅಚ್ಚಿನ ಆಳ) ಉಳಿಸಿಕೊಂಡಿದ್ದರೂ ಮಳೆಯಲ್ಲಿ ಹಿಡಿಯುವುದಿಲ್ಲ, ನಾಲ್ಕಕ್ಕೂ ಹೊಸದರ ಬೆಲೆ ಲೆಕ್ಕ ಹಾಕಿ. ಬ್ರೇಕ್ ಡಿಸ್ಕಿನ ಮೇಲೆ ಕನಿಷ್ಠ ದಪ್ಪ ಕೆತ್ತಿರುತ್ತದೆ. ವರ್ನಿಯರ್ ಕ್ಯಾಲಿಪರ್ ಇಟ್ಟು ಅಳೆದು ನೋಡಿ, ಕಣ್ಣಂದಾಜು ಬೇಡ.

4. ಬೆಳಗಿನ ತಣ್ಣನೆ ಎಂಜಿನ್

ಇಡೀ ಪರೀಕ್ಷೆಯಲ್ಲಿ ಅತಿ ಮುಖ್ಯವಾದದ್ದು ಇದೇ. 'ರಾತ್ರಿಯಿಂದ ಸ್ಟಾರ್ಟ್ ಮಾಡಬೇಡಿ, ನಾನು ಬಂದ ಮೇಲೆ ಮಾಡೋಣ' ಎಂದು ಮೊದಲೇ ಹೇಳಿ, ಹೋದ ತಕ್ಷಣ ಬಾನೆಟ್ ಮೇಲೆ ಕೈಯಿಡಿ. ಬಿಸಿ ಇದ್ದರೆ ಇನ್ನೊಂದು ದಿನ ಬರುತ್ತೇನೆಂದು ಹೊರಡಿ. ಬಿಸಿ ಎಂಜಿನ್ ತನ್ನ ಸದ್ದನ್ನೆಲ್ಲ ಮುಚ್ಚಿಡುತ್ತದೆ.

ಸ್ಟಾರ್ಟ್ ಮಾಡುವ ಮುಂಚೆ ಎಣ್ಣೆಯ ಕಡ್ಡಿ ಎಳೆದು ನೋಡಿ. ಮಟ್ಟ ಕೆಳಗಿನ ಗೀಟಿಗಿಂತ ಕಡಿಮೆ ಇದ್ದರೆ ಮಾಲೀಕರಿಗೆ ಗಾಡಿಯ ಗ್ಯಾನವಿಲ್ಲ, ಇಲ್ಲವೇ ಎಂಜಿನ್ ಎಣ್ಣೆ ಕುಡಿಯುತ್ತಿದೆ. ಲಾರಾ, ಸೂಪರ್ಬ್‌ಗಳಲ್ಲಿ ಬಂದ ಹಳೆಯ 1.8 ಟಿಎಸ್‌ಐ ಎಂಜಿನ್ನಿಗೆ ಪಿಸ್ಟನ್ ರಿಂಗಿನ ದೆಸೆಯಿಂದ ಎಣ್ಣೆ ಸುಡುವ ಹೆಸರಿದೆ. ಸಾವಿರ ಕಿಲೋಮೀಟರಿಗೆ ಅರ್ಧ ಲೀಟರ್ ಮೀರಿದರೆ ರಿಂಗ್ ಕೆಲಸ, ಅಂದರೆ ಎಂಜಿನ್ ಬಿಚ್ಚುವ ಕೆಲಸ. ಕೂಲೆಂಟ್ ಡಬ್ಬಿಯ ಮುಚ್ಚಳ ತಣ್ಣಗಿರುವಾಗ ಮಾತ್ರ ತೆಗೆದು ನೋಡಿ. ಗುಲಾಬಿ ಬಣ್ಣ ಮಾಸಿ ಕಂದಾಗಿದ್ದರೆ, ಮೇಲೆ ಎಣ್ಣೆಯ ಕೆನೆ ತೇಲುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಆಯಿಲ್ ಕೂಲರ್ ಸೋರುತ್ತಿದೆ. ಎಂಜಿನ್ ಪಕ್ಕದಲ್ಲಿ ಗುಲಾಬಿ ಪುಡಿ ಗಟ್ಟಿಕಟ್ಟಿದ್ದರೆ ವಾಟರ್ ಪಂಪಿನ ಪ್ಲಾಸ್ಟಿಕ್ ಮನೆ ಬಿರುಕು ಬಿಟ್ಟಿದೆ.

ಈಗ ಕಿಟಕಿ ಇಳಿಸಿ, ಹಾಡು ನಿಲ್ಲಿಸಿ, ಸ್ಟಾರ್ಟ್ ಮಾಡಿಸಿ. ನೀವು ಹೊರಗೆ, ಎಂಜಿನ್ನಿನ ಚೈನ್ ಇರುವ ಬದಿಗೆ ನಿಂತಿರಿ. ಮೊದಲ ಎರಡು ಮೂರು ಸೆಕೆಂಡ್ ಡಬ್ಬಿಯಲ್ಲಿ ಮೊಳೆ ಅಲ್ಲಾಡಿಸಿದ ಹಾಗೆ ಗಲಗಲ ಸದ್ದು ಬಂದು ನಿಂತರೆ ಅದು ಟೈಮಿಂಗ್ ಚೈನ್. ಎಣ್ಣೆಯ ಒತ್ತಡ ಬರುವವರೆಗೆ ಟೆನ್ಷನರ್ ಚೈನನ್ನು ಬಿಗಿಯಾಗಿ ಹಿಡಿಯುತ್ತಿಲ್ಲ ಎಂದರ್ಥ. ಆ ಹಳೆಯ 1.8 ಎಂಜಿನ್ನಿನ ಮೊದಲ ಟೆನ್ಷನರ್‌ಗಳು ಸೋತು, ಚೈನ್ ಹಲ್ಲು ಹಾರಿ, ವಾಲ್ವ್ ಪಿಸ್ಟನ್ನಿಗೆ ಬಡಿದು ಹೋದ ಎಂಜಿನ್‌ಗಳು ಬೇಕಾದಷ್ಟಿವೆ. ಆಮೇಲೆ ಕಂಪನಿಯೇ ಟೆನ್ಷನರ್ ವಿನ್ಯಾಸ ಬದಲಿಸಿತು. ಬಿಎಂಡಬ್ಲ್ಯು ಎನ್20 ಎಂಜಿನ್ನಿನಲ್ಲಿ ಚೈನಿನ ಪ್ಲಾಸ್ಟಿಕ್ ಗೈಡ್ ಪುಡಿಯಾಗುವುದು ಇದಕ್ಕೆ ದಾಯಾದಿ ರೋಗ. ಬದಲಿಸಿದ ಬಿಲ್ಲು ಇಲ್ಲದಿದ್ದರೆ, ಬದಲಿಸಿಲ್ಲ ಎಂದೇ ಲೆಕ್ಕ ಹಿಡಿದು ಬೆಲೆ ಮಾತಾಡಿ.

ಹೊಗೆ: ತಣ್ಣನೆ ಬೆಳಿಗ್ಗೆ ಬಿಳಿ ಆವಿ ಬಂದು ಹೋಗುವುದು ಸಹಜ. ಎಂಜಿನ್ ಬಿಸಿಯಾದ ಮೇಲೂ ಸಿಹಿ ವಾಸನೆಯ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಸುಡುತ್ತಿದೆ. ಐದು ನಿಮಿಷ ಐಡಲ್ ಬಿಟ್ಟು ಒಮ್ಮೆ ಆಕ್ಸಿಲರೇಟರ್ ತುಳಿದಾಗ ನೀಲಿ ಹೊಗೆ ಉಗುಳಿದರೆ ವಾಲ್ವ್ ಸೀಲ್ ಅಥವಾ ಟರ್ಬೊ. ಟರ್ಬೊ ಇರುವ ಗಾಡಿಯಾದರೆ ಇಂಟರ್‌ಕೂಲರ್ (ಟರ್ಬೊದಿಂದ ಬರುವ ಗಾಳಿ ತಂಪು ಮಾಡುವ ಭಾಗ) ಪೈಪ್ ಬಿಚ್ಚಿ ನೋಡಿ. ಒಳಗೆ ತೆಳು ಎಣ್ಣೆಪಸೆ ಪರವಾಗಿಲ್ಲ, ಬಗ್ಗಿಸಿದರೆ ಸುರಿಯುವಷ್ಟಿದ್ದರೆ ಬೇಡ.

5. ಸ್ಕ್ಯಾನರ್ ಮತ್ತು ಕಂಪ್ರೆಷನ್

ಗಾಡಿಯ ಕಂಪ್ಯೂಟರ್ ಓದುವ ಒಬಿಡಿ ಸ್ಕ್ಯಾನರ್ ಹಾಕಿದಾಗ 'ಎರರ್ ಏನೂ ಇಲ್ಲ' ಎಂದು ಬಂದರೆ ಅಷ್ಟಕ್ಕೇ ಸಮಾಧಾನ ಬೇಡ. ಗಾಡಿ ತಾನೇ ಮಾಡಿಕೊಳ್ಳುವ ತಪಾಸಣೆಗಳು ಮುಗಿದಿವೆಯೇ ಎಂದು ತೋರಿಸುವ ರೆಡಿನೆಸ್ ಮಾನಿಟರ್ ಎಂಬ ಪುಟ ತೆರೆಯಿರಿ. ಅದರಲ್ಲಿ ಹಲವು 'ಅಪೂರ್ಣ' ಎಂದಿದ್ದರೆ ಯಾರೋ ಇತ್ತೀಚೆಗಷ್ಟೇ ಎರರ್ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ಬಿಚ್ಚಿದ್ದಾರೆ. ಫ್ಯೂಯೆಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಅಂಕಿ) ಕೂಡ ನೋಡಿ: ಪ್ಲಸ್ ಮೈನಸ್ ಶೇ 5ರೊಳಗೆ ಇದ್ದರೆ ಚೆನ್ನ, ಶೇ 10 ಮೀರಿದರೆ ಎಲ್ಲೋ ಗಾಳಿ ಸೋರಿಕೆ, ಇಂಜೆಕ್ಟರ್ ಅಥವಾ ಸೆನ್ಸರ್ ತೊಂದರೆ.

ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆ ಕೇಳಿದರೆ ಮಾರುವವರು ಮುಖ ಸಿಂಡರಿಸಬಹುದು. ಖರ್ಚು ನಿಮ್ಮದು ಎಂದರೆ ಒಪ್ಪುತ್ತಾರೆ. ಬಿಸಿ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ನಾಲ್ಕೂ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಕ್ರ್ಯಾಂಕ್ ಮಾಡಬೇಕು. ಸಾಮಾನ್ಯವಾಗಿ 10ರಿಂದ 13 ಬಾರ್ ಬರುತ್ತದೆ. ಅಂಕಿಗಿಂತ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಮುಖ್ಯ. ಒಂದು ಸಿಲಿಂಡರ್ ಉಳಿದವಕ್ಕಿಂತ ಶೇ 15ರಷ್ಟು ಕೆಳಗಿದ್ದರೆ ವಾಲ್ವ್ ಅಥವಾ ರಿಂಗ್ ಹೋಗಿದೆ. ಸಿಲಿಂಡರಿಗೆ ನೇರ ಪೆಟ್ರೋಲ್ ಚಿಮ್ಮುವ ಟಿಎಸ್‌ಐ ಥರದ ಎಂಜಿನ್ನಿನಲ್ಲಿ ಇನ್‌ಟೇಕ್ ವಾಲ್ವ್‌ಗಳಿಗೆ ಪೆಟ್ರೋಲ್ ತಾಗುವುದೇ ಇಲ್ಲ. ತೊಳೆಯುವವರಿಲ್ಲದೆ ಲಕ್ಷ ಕಿಲೋಮೀಟರಿಗೆ ದಪ್ಪ ಮಸಿ ಕಟ್ಟಿರುತ್ತದೆ. ಪೆಟ್ರೋಲಿಗೆ ಸುರಿಯುವ ಬಾಟಲಿ ಔಷಧಿ ಅಲ್ಲಿಗೆ ತಲುಪುವುದಿಲ್ಲ. ಮ್ಯಾನಿಫೋಲ್ಡ್ ಬಿಚ್ಚಿಯೇ ಕೆರೆಯಬೇಕು.

6. ಗೇರ್‌ಬಾಕ್ಸ್

ಇಲ್ಲಿ ನಿಧಾನಿಸಿ, ಹೆಚ್ಚು ದುಡ್ಡು ಹೋಗುವುದು ಇಲ್ಲೇ. ಪೋಲೊ ಜಿಟಿ ಟಿಎಸ್‌ಐಯ 7 ಗೇರಿನ ಡಿಎಸ್‌ಜಿ, ಅಂದರೆ ಡಿಕ್ಯೂ200, ಒಣ ಕ್ಲಚ್ಚಿನದ್ದು. ಆಕ್ಟೇವಿಯಾ ಆರ್‌ಎಸ್ 230ರ 6 ಗೇರಿನ ಡಿಕ್ಯೂ250 ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿನದ್ದು. ಎಣ್ಣೆಯದು ಬಿಸಿ ತಡೆಯುತ್ತದೆ, ಆದರೆ ಪ್ರತಿ 60,000 ಕಿ.ಮೀ.ಗೆ ಎಣ್ಣೆ ಮತ್ತು ಫಿಲ್ಟರ್ ಬದಲಿಸಲೇಬೇಕು. 1,20,000 ದಾಟಿದ ಗಾಡಿಗೆ ಅಂಥ ಎರಡು ಬಿಲ್ಲು ಇರಬೇಕು.

ಒಣ ಕ್ಲಚ್ಚಿಗೆ ಮಲೆನಾಡು ಕಷ್ಟದ ಊರು. ಆಗುಂಬೆಯ 14 ತಿರುವುಗಳಲ್ಲಿ ರಜಾದಿನದ ಸಾಲಿನಲ್ಲಿ ಸಿಕ್ಕಿಕೊಂಡರೆ ಗಾಡಿ ಒಂದನೇ ಗೇರಿನಲ್ಲಿ ಅರ್ಧ ಕ್ಲಚ್ ಹಿಡಿದೇ ತೆವಳುತ್ತದೆ, ಕ್ಲಚ್ ಕಾದು ಗಾಜಿನ ಹಾಗೆ ನುಣುಪಾಗಿ ಹಿಡಿತ ಕಳೆದುಕೊಳ್ಳುತ್ತದೆ. ಪರೀಕ್ಷೆ ಹೀಗೆ: ಗಾಡಿ ಬಿಸಿಯಾದ ಮೇಲೆ, ಏರಿನಲ್ಲಿ ನಿಲ್ಲಿಸಿ, ಬ್ರೇಕ್ ಬಿಟ್ಟು ಮೆಲ್ಲಗೆ ತೆವಳಲು ಬಿಡಿ. ನಡುಗುತ್ತಾ ಹೊರಟರೆ ಕ್ಲಚ್ ಪ್ಯಾಕ್ ಮುಗಿದಿದೆ. ಅದೇ ಏರಿನಲ್ಲಿ ರಿವರ್ಸ್ ಹಾಕಿ ಹಿಂದಕ್ಕೂ ಹತ್ತಿಸಿ. ಒಂದರಿಂದ ಏಳರವರೆಗೆ ಕೈಯಿಂದಲೇ ಒಂದೊಂದು ಗೇರ್ ಹಾಕುತ್ತಾ ಹೋಗಿ. 1, 3, 5, 7 ಒಂದು ಕ್ಲಚ್ಚಿನ ಮೇಲೆ, 2, 4, 6 ಮತ್ತು ರಿವರ್ಸ್ ಇನ್ನೊಂದರ ಮೇಲೆ. ಒಂದು ಗುಂಪು ಪೂರ್ತಿ ಬರದಿದ್ದರೆ, ಮೀಟರಿನಲ್ಲಿ ಸ್ಪ್ಯಾನರ್ ಗುರುತು ಮಿನುಗಿದರೆ ಮೆಕಟ್ರಾನಿಕ್ ಎಂಬ ನಿಯಂತ್ರಣ ಪೆಟ್ಟಿಗೆ ಕೆಟ್ಟಿದೆ. ಅದರ ಬಿಲ್ಲು ಬೆಚ್ಚಿ ಬೀಳಿಸುವಂಥದ್ದು.

ಮ್ಯಾನುಯಲ್ ಆದರೆ ಸುಲಭ. ನಾಲ್ಕನೇ ಗೇರಿನಲ್ಲಿ 40 ಕಿ.ಮೀ. ವೇಗದಲ್ಲಿ ಹೋಗುತ್ತಾ ಪೂರ್ತಿ ತುಳಿಯಿರಿ. ಆರ್‌ಪಿಎಂ ಸರ್ರನೆ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಐಡಲಿನಲ್ಲಿ ಕಟಕಟ ಎನ್ನುವ ಸದ್ದು ಕ್ಲಚ್ ಒತ್ತಿದರೆ ನಿಲ್ಲುವುದಾದರೆ, ಅಥವಾ ಎಂಜಿನ್ ಆಫ್ ಮಾಡುವಾಗ ಗಡಗಡ ಎಂದರೆ, ಡ್ಯುಯಲ್ ಮಾಸ್ ಫ್ಲೈವೀಲನ್ನೂ (ಕ್ಲಚ್ಚಿನ ಪಕ್ಕ ಎಂಜಿನ್ ನಡುಕ ತಗ್ಗಿಸುವ ಭಾರದ ಚಕ್ರ) ಸಂಶಯಿಸಿ.

7. ಓಡಿಸಿ ನೋಡುವುದು

ಬಡಾವಣೆಯೊಳಗೆ ಎರಡು ಸುತ್ತು ಹಾಕಿದರೆ ಏನೂ ತಿಳಿಯದು. ಕನಿಷ್ಠ 30 ಕಿ.ಮೀ. ಬೇಕು. ಗಾಡಿ ಶಿವಮೊಗ್ಗದಲ್ಲೇ ಇದ್ದರೆ ತೀರ್ಥಹಳ್ಳಿ ರಸ್ತೆಯಲ್ಲಿ ಗಾಜನೂರು, ಸಕ್ರೆಬೈಲು ದಾಟಿ ಮಂಡಗದ್ದೆಯವರೆಗೆ ಹೋಗಿ ಬನ್ನಿ. ತಿರುವು, ಕಿತ್ತ ಅಂಚು, ಹಂಪ್ಸ್ ಎಲ್ಲವೂ ಅದರಲ್ಲೇ ಸಿಗುತ್ತವೆ. ಕಡಿಮೆ ವೇಗದಲ್ಲಿ ಗುಂಡಿಗೆ ಇಳಿಸಿದಾಗ ಟಕ್ ಎಂದರೆ ಲಿಂಕ್ ರಾಡ್, ಢಬ್ ಎಂದರೆ ಲೋವರ್ ಆರ್ಮ್ ಬುಷ್ ಅಥವಾ ಸ್ಟ್ರಟ್ ಮೌಂಟ್. 60ರಲ್ಲಿ ಶುರುವಾಗಿ ವೇಗದ ಜೊತೆ ಏರುವ ಗುಂಯ್ ಸದ್ದು ವೀಲ್ ಬೇರಿಂಗ್. ಕೂಲೆಂಟ್ ಉಷ್ಣತೆ ಸ್ಕ್ಯಾನರಿನಲ್ಲಿ 85ರಿಂದ 105 ಡಿಗ್ರಿ ನಡುವೆ ನಿಲ್ಲಬೇಕು. ವಾಪಸ್ ಬಂದು ಎಸಿ ಹಾಕಿ ಹತ್ತು ನಿಮಿಷ ಐಡಲ್ ಬಿಡಿ, ಫ್ಯಾನ್ ಎರಡು ವೇಗದಲ್ಲೂ ತಿರುಗುತ್ತದೆಯೇ ಎಂದು ಗಮನಿಸಿ.

8. ನೀರು ಹೊಕ್ಕ ಗಾಡಿ

2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವ ಭಾಗದ ಬಡಾವಣೆಗಳಲ್ಲಿ ದುಬಾರಿ ಗಾಡಿಗಳು ಗಾಜಿನವರೆಗೆ ಮುಳುಗಿದ್ದನ್ನು ಎಲ್ಲರೂ ನೋಡಿದ್ದಾರೆ. 2015ರ ಡಿಸೆಂಬರಿನಲ್ಲಿ ಚೆನ್ನೈಯಲ್ಲೂ ಹಾಗೇ ಆಗಿತ್ತು. ಅಂಥ ಗಾಡಿಗಳಲ್ಲಿ ಕೆಲವು ತೊಳೆದು ಪಾಲಿಶ್ ಆಗಿ ಮತ್ತೆ ಮಾರುಕಟ್ಟೆಗೆ ಬರುತ್ತವೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ಸುರುಳಿಯೊಳಗಿನ ಕೊನೆಯ ಒಂದಡಿಯಲ್ಲಿ ಕೆಸರಿನ ಗೆರೆ ಇದ್ದರೆ ಸಿಕ್ಕಿಬಿದ್ದಂತೆ. ಸ್ಟೆಪ್ನಿ ಎತ್ತಿ ಕುಳಿಯಲ್ಲಿ ಮೆಕ್ಕಲು ಮಣ್ಣಿದೆಯೇ ನೋಡಿ. ಸೀಟಿನ ಹಳಿಯ ಬೋಲ್ಟ್, ಡ್ಯಾಶ್‌ಬೋರ್ಡ್ ಕೆಳಗಿನ ಕಬ್ಬಿಣದ ಪಟ್ಟಿ ತುಕ್ಕು ಹಿಡಿದಿದ್ದರೆ, ಕನೆಕ್ಟರ್ ಪಿನ್ನಿನ ಮೇಲೆ ಹಸಿರು ಪುಡಿ ಇದ್ದರೆ ಹೊರಟುಬಿಡಿ. ನೀರು ಹೊಕ್ಕ ವೈರಿಂಗ್ ಎರಡು ವರ್ಷವಾದರೂ ಒಂದೊಂದಾಗಿ ಕೈಕೊಡುತ್ತಲೇ ಇರುತ್ತದೆ.

ಸನ್‌ರೂಫ್ ಇರುವ ಗಾಡಿಯಾದರೆ ಅದರ ನಾಲ್ಕು ಮೂಲೆಯ ರಂಧ್ರಗಳಿಗೆ ಒಂದೊಂದು ಲೋಟ ನೀರು ಹೊಯ್ದು, ಚಕ್ರದ ಹಿಂದಿನಿಂದ ಇಳಿಯುತ್ತದೆಯೇ ನೋಡಿ. ಮರದಡಿ ನಿಲ್ಲಿಸುವ ಊರು ನಮ್ಮದು. ಎಲೆ ಕೊಳೆತು ಆ ಕೊಳವೆ ಕಟ್ಟಿದರೆ ನೀರು ಕಾರ್ಪೆಟ್ಟಿನಡಿ ಇಳಿದು, ಅಲ್ಲೇ ಕೂತಿರುವ ಕಂಟ್ರೋಲ್ ಮಾಡ್ಯೂಲನ್ನು ಸುಡುತ್ತದೆ. ಉಡುಪಿ, ಮಂಗಳೂರು ಕಡೆಯ ಗಾಡಿಯನ್ನು ಲಿಫ್ಟ್ ಮೇಲೆ ಏರಿಸಿ ಬ್ರೇಕ್ ಪೈಪು, ಸಬ್‌ಫ್ರೇಮ್ ಬೆಸುಗೆಯ ಜಾಗ ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಕಡಲ ಉಪ್ಪು ಮೊದಲು ತಿನ್ನುವುದು ಅಲ್ಲೇ. ಹೊಸದಾಗಿ ಬಳಿದ ಕಪ್ಪು ಅಂಡರ್‌ಕೋಟ್ ಕಂಡರೆ ಅದರಡಿ ಏನಿದೆ ಎಂದು ಕೇಳಿ.

9. ಬೆಲೆ

ಗಾಡಿಯ ಬೆಲೆಯ ಶೇ 30ರಷ್ಟು ದುಡ್ಡು ಬೇರೆಯಾಗಿ ಎತ್ತಿಡಲು ಆಗದಿದ್ದರೆ ಆ ಗಾಡಿ ನಿಮ್ಮ ಬಜೆಟ್ಟಿನದ್ದಲ್ಲ. ಹತ್ತು ಲಕ್ಷ ಇದ್ದರೆ ಏಳೂವರೆಯ ಗಾಡಿ ನೋಡಿ. ಸಾಲ ಮಾಡಿ ಕೊಳ್ಳುವುದನ್ನಂತೂ ನಾವು ಒಪ್ಪುವುದಿಲ್ಲ. ಕಂತು ಮತ್ತು ಮೆಕಟ್ರಾನಿಕ್ ಒಂದೇ ತಿಂಗಳಲ್ಲಿ ಬರಬಹುದು. ಚೌಕಾಸಿ ಮಾಡುವಾಗ 'ಕಿಲೋಮೀಟರ್ ಜಾಸ್ತಿಯಾಯಿತಲ್ಲ' ಎಂದರೆ ಮಾರುವವರು ನಕ್ಕು ಸುಮ್ಮನಾಗುತ್ತಾರೆ. ಟೈರ್ ನಾಲ್ಕು, ಡಿಸ್ಕ್ ಎರಡು, ಚೈನ್ ಕಿಟ್ ಎಂದು ಅಂದಾಜು ಪಟ್ಟಿ ಮುಂದಿಟ್ಟರೆ ಬೆಲೆ ಇಳಿಯುತ್ತದೆ. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ. ಹೆಸರು ಬದಲಾದ 14 ದಿನದೊಳಗೆ ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ.

10. ತಂದ ಮೇಲೆ

ಘಟ್ಟ ಹತ್ತಿಸುವ ಮುಂಚೆ ಎಲ್ಲ ದ್ರವಗಳನ್ನೂ ಬದಲಿಸಿ. ಮಾರುವವರು 'ಈಗಷ್ಟೇ ಹಾಕಿಸಿದ್ದು' ಎಂದರೂ ಸರಿ. ಎಂಜಿನ್ ಎಣ್ಣೆ ಕೈಪಿಡಿಯಲ್ಲಿ ಬರೆದ ಗ್ರೇಡಿನದ್ದೇ, ಮುಂದೆ 10,000 ಕಿ.ಮೀ. ಅಥವಾ ವರ್ಷಕ್ಕೊಮ್ಮೆ. ಬ್ರೇಕ್ ಎಣ್ಣೆ ಒಂದು ಲೀಟರ್ ಡಾಟ್ 4. ಇದು ಗಾಳಿಯ ತೇವ ಹೀರುತ್ತದೆ: ಹೊಸದು 230 ಡಿಗ್ರಿಯವರೆಗೆ ಕುದಿಯದೆ ತಡೆದರೆ, ತೇವ ಹೊಕ್ಕದ್ದು 155ಕ್ಕೇ ಕುದಿಯಬಹುದು. ಆಗುಂಬೆಯಿಂದ ಸೋಮೇಶ್ವರಕ್ಕೆ ಬ್ರೇಕ್ ಒತ್ತಿಕೊಂಡೇ ಇಳಿದರೆ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗುವುದು ಆ ಕಾರಣಕ್ಕೆ. ಎರಡು ವರ್ಷಕ್ಕೊಮ್ಮೆ ಎಂದು ಪುಸ್ತಕದಲ್ಲಿದ್ದರೂ ಇಲ್ಲಿನ ತೇವಕ್ಕೆ ಪ್ರತಿ ಮಳೆಗಾಲದ ನಂತರ ಬದಲಿಸುವುದು ಒಳ್ಳೆಯದು. ಟೈರಿನ ಗುಂಡಿ ಕಾನೂನಿಗೆ 1.6 ಮಿ.ಮೀ. ಸಾಕು, ಆಷಾಢದ ಮಳೆಗೆ 3 ಮಿ.ಮೀ.ಗಿಂತ ಕಡಿಮೆ ಇದ್ದರೆ ಓಡಿಸಬೇಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಡಿ ಹೆಚ್ಚು ನಿಂತೇ ಇರುವುದಾದರೆ ಟ್ಯಾಂಕ್ ತುಂಬಿಸಿಡಿ. ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆತ ಪೆಟ್ರೋಲ್. ಟ್ಯಾಂಕಿನಲ್ಲಿ ಖಾಲಿ ಜಾಗ ಇದ್ದಷ್ಟೂ ಅದು ತೇವ ಎಳೆದುಕೊಳ್ಳುತ್ತದೆ, ಹಳೆಯ ಗಾಡಿಯ ರಬ್ಬರ್ ಪೈಪುಗಳಿಗೂ ಅದು ಆಗಿಬರದು. ಆ ಪೈಪುಗಳನ್ನು ವರ್ಷಕ್ಕೊಮ್ಮೆ ಮುಟ್ಟಿ ನೋಡಿ, ಅಂಟಂಟಾಗಿದ್ದರೆ ಬದಲಿಸಿ. ಕರೆಂಟು ಹೋಗಿ ಬಂದು ಮಾಡುವ ಊರಿನಲ್ಲಿ ಬ್ಯಾಟರಿಗೆ ನಿಧಾನವಾಗಿ ಚಾರ್ಜ್ ತುಂಬುವ ಟ್ರಿಕಲ್ ಚಾರ್ಜರ್ ಹಾಕಿಟ್ಟು ಮರೆಯುವ ಹಾಗಿಲ್ಲ. ವಾರಕ್ಕೊಮ್ಮೆ ವೋಲ್ಟ್ ಮೀಟರ್ ಇಟ್ಟು ನೋಡಿ, 12.4 ವೋಲ್ಟಿಗಿಂತ ಇಳಿದರೆ ಈ ಗಾಡಿಗಳು ಇಲ್ಲದ ಎರರ್ ತೋರಿಸಲು ಶುರುಮಾಡುತ್ತವೆ. ಚರ್ಮದ ಸೀಟಿಗೆ ಬೂಷ್ಟು ಹಿಡಿದರೆ ಒಣಬಟ್ಟೆಯಲ್ಲಿ ಒರೆಸಿ, ಬಿಸಿಲು ಬಂದ ದಿನ ಬಾಗಿಲು ತೆರೆದಿಡಿ. ಇಲಿಗಳ ವಿಷಯಕ್ಕೆ ಬಂದರೆ, ಅಡಿಕೆ ಮೂಟೆ, ಭತ್ತ ಇಟ್ಟ ಕೊಟ್ಟಿಗೆಯ ಪಕ್ಕ ಈ ಗಾಡಿ ನಿಲ್ಲಿಸಲೇಬೇಡಿ. ಬೇರೆ ಜಾಗವಿಲ್ಲದಿದ್ದರೆ ರಾತ್ರಿ ಬಾನೆಟ್ ಎತ್ತಿಟ್ಟು ಒಳಗೊಂದು ಸಣ್ಣ ಎಲ್‌ಇಡಿ ದೀಪ ಹಚ್ಚಿಡಿ. ಬೆಳಕಿದ್ದಲ್ಲಿ ಇಲಿ ಗೂಡು ಕಟ್ಟಲು ಹಿಂದೆಮುಂದೆ ನೋಡುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಎಂಜಿನ್ ಮೇಲಿನ ಪ್ಲಾಸ್ಟಿಕ್ ಮುಚ್ಚಳ ಎತ್ತಿ ಒಮ್ಮೆ ಇಣುಕಿ ನೋಡಿ.